ಬೀವರ್ ಹಾಕುವ ಕಟ್ಟ

ನಮ್ಮ ಸುಳ್ಯದ ಕಡೆ ಮಳೆ ನಿಂತ ಮೇಲೆ ತೋಡಿಗೆ ಕಟ್ಟ ಹಾಕುತ್ತಾರೆ. ಕಲ್ಲು, ಮಣ್ಣು, ಅಡಿಕೆ ಮರ, ಸೊಪ್ಪು, ಅಷ್ಟೇ. ನೀರು ನಿಂತರೆ ಸುತ್ತಲಿನ ಬಾವಿಗಳಿಗೂ ಜೀವ ಬರುತ್ತದೆ. ಕ್ಯಾಲಿಫೋರ್ನಿಯಾಕ್ಕೆ ಬಂದ ಮೇಲೆ ಇದೇ ಕೆಲಸ ಮಾಡುವ ಪ್ರಾಣಿಯನ್ನು ನೋಡಿದೆ. ಬೀವರ್. ಹಲ್ಲಿನಿಂದ ಮರ ಕಡಿದು, ಕೆಸರು ಮೆತ್ತಿ ತೊರೆಗೆ ಅಡ್ಡ ಕಟ್ಟುತ್ತದೆ. ನಮ್ಮ ನೀರುನಾಯಿ ಬೇರೆ, ಅದು ಮೀನು ತಿನ್ನುತ್ತದೆ. ಇದಕ್ಕೆ ತೊಗಟೆ, ಎಲೆ ಸಾಕು.

ಇಲ್ಲಿ ಮಾರ್ಟಿನೆಜ್ ಅಂತ ಒಂದು ಊರಿದೆ. ಊರ ನಡುವಿನ ಅಲ್‌ಹಾಂಬ್ರಾ ತೊರೆಗೆ ಬೀವರ್‌ಗಳು ಕಟ್ಟ ಕಟ್ಟಿದವು. ನೆರೆ ಬಂದೀತೆಂದು ಹೆದರಿ 2007ರಲ್ಲಿ ನಗರಾಡಳಿತ ಅವನ್ನು ಕೊಲ್ಲಿಸಲು ಹೊರಟಿತು. ಊರಿನವರು ಬಿಡಲಿಲ್ಲ. ಸಭೆಗೆ ಬಂದು ಮಾತಾಡಿದರು. ಮರುವರ್ಷ ಸ್ಕಿಪ್ ಲೈಲ್ ಎಂಬ ಬೀವರ್ ತಜ್ಞರು ಬಂದು ಕಟ್ಟದೊಳಗಿಂದ ಒಂದು ಪೈಪ್ ಹಾಯಿಸಿದರು.

ಆ ಪೈಪ್ ನನಗೆ ತುಂಬಾ ಇಷ್ಟ. ಬೀವರ್‌ಗೆ ಹರಿಯುವ ನೀರಿನ ಸದ್ದು ಕೇಳಿದರೆ ಸುಮ್ನೆ ಇರಲಾಗುವುದಿಲ್ಲ, ಅಲ್ಲಿ ಮುಚ್ಚಲು ಓಡುತ್ತದೆ. ಅದಕ್ಕೇ ಪೈಪಿನ ಬಾಯಿಯನ್ನು ಕಟ್ಟದಿಂದ ದೂರ, ನೀರಿನಡಿಯಲ್ಲಿ, ತಂತಿ ಬೋನಿನೊಳಗೆ ಇಡುತ್ತಾರೆ. ನೀರು ಸದ್ದಿಲ್ಲದೆ ಇಳಿಯುತ್ತದೆ. ಮಟ್ಟ ನಮಗೆ ಬೇಕಾದಷ್ಟೇ ಇರುತ್ತದೆ, ಬೀವರ್ ತನ್ನ ಕೊಳದಲ್ಲೇ ಇರುತ್ತದೆ. ಮರ ಉಳಿಯಬೇಕಾದರೆ ಬುಡಕ್ಕೆ ತಂತಿ ಬಲೆ ಸುತ್ತಿದರಾಯಿತು, ಇಲ್ಲವೇ ಮರಳು ಬೆರೆಸಿದ ಪೇಂಟ್ ಬಳಿದರಾಯಿತು.

ಕೊಂದರೆ ಏನಾಗುತ್ತದೆ? ಜಾಗ ಚೆನ್ನಾಗಿದ್ದರೆ ಇನ್ನೊಂದು ಕುಟುಂಬ ಬರುತ್ತದೆ. ಮರಿಗಳು ಸುಮಾರು ಎರಡು ವರ್ಷ ಅಪ್ಪ ಅಮ್ಮನ ಜೊತೆಗೇ ಇರುವಂಥವು. ಅನಾಥ ಮರಿ ಸಿಕ್ಕಿದರೆ ರಕ್ಷಿಸಿದವರು ಅಷ್ಟೂ ಕಾಲ ಸಾಕಬೇಕು. ಹಾಗೆ ಸಾಕುವವರೂ ಇದ್ದಾರೆ. ಆದರೆ ಅಪ್ಪ ಅಮ್ಮನನ್ನು ಉಳಿಸುವುದೇ ಸುಲಭ, ಅಲ್ವಾ? 2023ರಲ್ಲಿ ಈ ರಾಜ್ಯದ ವನ್ಯಜೀವಿ ಇಲಾಖೆಯೂ ಕೊಲ್ಲದ ದಾರಿಗಳನ್ನು ಮೊದಲು ನೋಡಬೇಕೆಂದಿತು.

ಊರಲ್ಲಿ ಆನೆ ತೋಟಕ್ಕೆ ಬಂದರೆ "ಹಿಡಿದು ಬೇರೆ ಕಡೆ ಬಿಡಿ" ಎನ್ನುತ್ತೇವೆ. ಆನೆ ಬೀವರ್ ಅಲ್ಲ, ಅಲ್ಲಿ ಜನರ ಜೀವವೇ ಹೋಗುತ್ತದೆ. ರೈತನ ಸಿಟ್ಟು ನನಗೆ ಗೊತ್ತು. ಆದರೂ ಆನೆ ಯಾಕೆ ಬರುತ್ತದೆ, ಯಾವ ದಾರಿಯಲ್ಲಿ ಬರುತ್ತದೆ ಎಂದು ಮೊದಲು ಕೇಳುವುದನ್ನು ನಾವು ಇಲ್ಲಿಂದ ಕಲಿಯಬೇಕು. ಇಲ್ಲಿನವರು ನಮ್ಮಿಂದ ಕಲಿಯಬೇಕಾದದ್ದೂ ಇದೆ. ಮಂಗ ಬಾಳೆಗೊನೆ ಮುಗಿಸಿದರೂ ನನ್ನಜ್ಜಿ ಬಯ್ದು ಓಡಿಸುತ್ತಿದ್ದರು, ಅಷ್ಟೇ. ಇಲ್ಲಿ ಒಂದು ಮರ ಉರುಳಿದರೆ ಸಾಕು, ಬೋನಿನವರಿಗೆ ಫೋನ್ ಹೋಗುತ್ತದೆ.

ಇಲ್ಲಿರುವ ಕನ್ನಡಿಗರಲ್ಲಿ ಎಷ್ಟೋ ಜನ ಈಗ ತೊರೆ ಪಕ್ಕದ ಬಡಾವಣೆಗಳಲ್ಲಿ ಮನೆ ಮಾಡಿದ್ದೇವೆ. ಬೀವರ್ ಹಿಡಿಸುತ್ತೇವೆಂದು ಬಡಾವಣೆಯ ಮನೆಯವರ ಸಂಘದಿಂದ ನೋಟಿಸ್ ಬಂದರೆ ಒಂದು ಕಾಗದ ಬರೆಯಿರಿ. ಮೊದಲು ಪೈಪ್ ಹಾಕಿಸಿ ನೋಡಿ ಎನ್ನಿ. ಮರಿ ಹುಟ್ಟುವುದು ವಸಂತದಲ್ಲಿ. ಅದಕ್ಕಿಂತ ಮೊದಲೇ ಬರೆಯಿರಿ.