ಸರ್ವೆ ನಂಬರಿಗೆ ಪೋಡಿಯುಂಟು, ಬ್ರಾಂಚಿಗಿಲ್ಲ

ನಮ್ಮೂರಿನ ಶಾನುಭೋಗರು ಸರ್ವೆ ನಂಬರ್ 45ರ ಹೊಲವನ್ನು ಇಬ್ಬರು ಅಣ್ಣತಮ್ಮಂದಿರಿಗೆ ಹಿಸ್ಸೆ ಮಾಡಿಕೊಟ್ಟಾಗ, 45/1 ಎಂದೂ 45/2 ಎಂದೂ ಎರಡು ಓರೆಗೆರೆ ಎಳೆದು, ಎಲೆಅಡಿಕೆ ಹಾಕಿಕೊಂಡು ಮನೆಗೆ ಹೋದರಂತೆ. ‘45 ಮೊದಲೇ ಇದೆ, ಆದಕಾರಣ 45/1 ಹುಟ್ಟಕೂಡದು’ ಎಂದು ಯಾವ ಕಡತವೂ ಅವರ ಕೈ ಹಿಡಿಯಲಿಲ್ಲ. ಮೊನ್ನೆ ಬೆಂಗಳೂರಿನ ಹೊರ ವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ, ಅದೇ ಓರೆಗೆರೆಯ ಮುಂದೆ ಹನ್ನೊಂದು ಮಂದಿ ಇಂಜಿನಿಯರುಗಳು ಇಡೀ ಮಧ್ಯಾಹ್ನ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದೆವು.

ನಡೆದದ್ದಿಷ್ಟು. ಎರಡು ವರ್ಷಗಳ ಹಿಂದೆ ಕೆಲಸ ಬಿಟ್ಟುಹೋದ ಹಿರಿಯರೊಬ್ಬರು ಪ್ರೋಗ್ರಾಮಿನ ಒಂದೊಂದು ಬದಲಾವಣೆಯನ್ನೂ ಲೆಕ್ಕವಿಡುವ ಗಿಟ್ ಎಂಬ ತಂತ್ರಾಂಶದಲ್ಲಿ ‘ರಿಲೀಸ್’ ಎಂಬ ಬ್ರಾಂಚ್ (ಕೆಲಸದ ಒಂದು ಪ್ರತ್ಯೇಕ ಕವಲು) ಮಾಡಿಟ್ಟಿದ್ದರು. ಇನ್ನು ಮುಂದೆ ಬ್ರಾಂಚುಗಳಿಗೆಲ್ಲ ಕುಲಗೋತ್ರ, ಎಂದರೆ ಓರೆಗೆರೆಯ ಹಿಂದೊಂದು ಗುಂಪಿನ ಹೆಸರು, ಇರಬೇಕೆಂದು ಕಚೇರಿ ತೀರ್ಮಾನಿಸಿತ್ತಾಗಿ, ಹೊಸದಾಗಿ ಸೇರಿದ ಹುಡುಗಿ ಆಜ್ಞೆಯನ್ನು ಶಿರಸಾವಹಿಸಿ ‘ರಿಲೀಸ್/2.4’ ಎಂದು ಟೈಪ್ ಮಾಡಿದಳು. ಗಿಟ್ ಒಪ್ಪಲಿಲ್ಲ. ‘ಕೆನಾಟ್ ಲಾಕ್ ರೆಫ್’ (ಈ ಹೆಸರಿಗೆ ಬೀಗ ಹಾಕಲಾಗದು) ಎಂದು ಆರಂಭವಾಗುವ ಆ ಸಂದೇಶದ ಉತ್ತರಾರ್ಧದಲ್ಲಿ, ‘ರಿಲೀಸ್’ ಎಂಬುದು ಆಗಲೇ ಇರುವುದರಿಂದ ‘ರಿಲೀಸ್/2.4’ ಸೃಷ್ಟಿಸಲಾಗದು ಎಂಬ ಕಾರಣವೂ ಇತ್ತು. ಹುಡುಗಿ ಅದನ್ನು ಓದಿಯೂ ಹೇಳಿದಳು: “ಸರ್, ರಿಲೀಸ್ ಅಂತ ಒಂದು ಇದೆಯಂತೆ, ಅದಕ್ಕೇ ಆಗ್ತಿಲ್ವಂತೆ.” ಆದರೆ ಮೂರು ತಿಂಗಳ ಅನುಭವದವಳ ಮಾತನ್ನು ಹದಿಮೂರು ವರ್ಷದ ಅನುಭವ ಹೇಗೆ ಕೇಳೀತು? ಮ್ಯಾನೇಜರ್ ಸಾಹೇಬರ ಕಣ್ಣು ‘ಲಾಕ್’ ಎಂಬ ಪದದಲ್ಲೇ ಸಿಕ್ಕಿಕೊಂಡಿತು. ಬೀಗ ತೆಗೆಯುವ ಅಧಿಕಾರ ತಮಗೆ ಕೊಡಬೇಕೆಂದು ಅವರು ಭದ್ರತಾ ವಿಭಾಗಕ್ಕೆ ಟಿಕೆಟ್ ಹಾಕಿದರು. ಯಾವ ಬಾಗಿಲಿನ ಬೀಗ ಎಂದು ಆ ವಿಭಾಗದವರು ತಿರುಗಿ ಕೇಳಿದರು.

ಒಳಗುಟ್ಟು ಬಹಳ ಸಣ್ಣದು. ಗಿಟ್‌ನ ಬ್ರಾಂಚ್ ಎಂದರೆ ಒಂದು ಪುಟ್ಟ ಫೈಲು. ಡಾಟ್‌ಗಿಟ್ ಎಂಬ ಫೋಲ್ಡರಿನೊಳಗೆ ರೆಫ್ಸ್, ಅದರೊಳಗೆ ಹೆಡ್ಸ್, ಅದರೊಳಗೆ ‘ರಿಲೀಸ್’ ಎಂಬ ಹೆಸರಿನ ಫೈಲು. ತೆರೆದರೆ 40 ಅಕ್ಷರಾಂಕಿಗಳ ಒಂದೇ ಒಂದು ಸಾಲು, ಸಾಲಿನ ಕೊನೆಯ ಗುರುತೂ ಸೇರಿ 41 ಬೈಟು. ಹೆಸರಿನಲ್ಲಿ ಓರೆಗೆರೆ ಬಂದರೆ ಅದು ಫೋಲ್ಡರೆಂದು ಅರ್ಥ. ‘ರಿಲೀಸ್/2.4’ ಹುಟ್ಟಬೇಕಾದರೆ ‘ರಿಲೀಸ್’ ಫೋಲ್ಡರಾಗಬೇಕು. ಅದು ಆಗಲೇ ಫೈಲಾಗಿ ಕುಳಿತಿದೆ. ಒಂದೇ ಹೆಸರು ಒಂದೇ ಜಾಗದಲ್ಲಿ ಎರಡೂ ಆಗಲಾರದು. ತಿರುವುಮುರುವಾದರೂ ಇದೇ ಕಥೆ: ‘ಫೀಚರ್/ಲಾಗಿನ್’ ಮೊದಲು ಹುಟ್ಟಿಬಿಟ್ಟರೆ ‘ಫೀಚರ್’ ಎಂಬ ಬ್ರಾಂಚಿಗೆ ಜನ್ಮವಿಲ್ಲ. ಮಾವಿನ ಮರದ ಕೊಂಬೆಯು ತಾನೂ ಕೊಂಬೆಯಾಗಿದ್ದು ಟಿಸಿಲನ್ನೂ ಹೊರುತ್ತದೆ. ಕೊಂಬೆಯ ಹೆಸರನ್ನೇ ಇಟ್ಟುಕೊಂಡಿರುವ ಬ್ರಾಂಚಿಗೆ ಮಾತ್ರ ಆ ಭಾಗ್ಯವಿಲ್ಲ.

ಗಿಟ್‌ನ ಕರ್ತೃ ಲಿನಸ್ ಟೊರ್ವಾಲ್ಡ್ಸ್ ಅವರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಲಿನಕ್ಸ್ ಕರ್ನೆಲ್‌ನವರಿಗೆ (ಲಿನಕ್ಸ್‌ನ ತಿರುಳನ್ನು ಬರೆಯುವವರಿಗೆ) ಇಂಥದೇ ಲೆಕ್ಕವಿಡುವ ಬಿಟ್‌ಕೀಪರ್ ಎಂಬ ತಂತ್ರಾಂಶದ ಪುಕ್ಕಟೆ ಬಳಕೆ ನಿಂತುಹೋದ 2005ರ ಏಪ್ರಿಲ್‌ನಲ್ಲಿ ಅವರು ಅವಸರವಸರವಾಗಿ ಗಿಟ್ ಬರೆಯಲು ಕುಳಿತರು. ಹೆಸರುಗಳನ್ನು ಇಡಲು ಫೈಲು ಫೋಲ್ಡರುಗಳೇ ಕೈಗೆಟಕುವಂತಿದ್ದವು. ಸೋಜಿಗವಿರುವುದು ಆಮೇಲಿನ ಕಥೆಯಲ್ಲಿ. ಬ್ರಾಂಚುಗಳ ಹೆಸರನ್ನೆಲ್ಲ ಒಂದೇ ಕಡತದಲ್ಲಿ ಅಡಕವಾಗಿ ಬರೆದಿಡುವ ಏರ್ಪಾಡು ಬಂತು. ಅಲ್ಲಿ ಫೋಲ್ಡರಿನ ಗೊಡವೆಯಿಲ್ಲ, ಆದರೂ ನಿಯಮ ಉಳಿಯಿತು. 2024ರ ಏಪ್ರಿಲ್‌ನಲ್ಲಿ ಬಂದ 2.45ನೆಯ ಆವೃತ್ತಿಯಲ್ಲಿ ‘ರೆಫ್‌ಟೇಬಲ್’ ಎಂಬ ಹೊಸ ಮಾದರಿಯೇ ಸೇರಿತು. ತಂದೆಯೂ ಮಗನೂ ಒಂದೇ ಸೂರಿನಡಿ ಇರಲು ಅದರ ರಚನೆಯಲ್ಲಿ ಯಾವ ಅಡ್ಡಿಯೂ ಇಲ್ಲ. ಆದರೂ ಗಿಟ್ ಬೇಡವೆನ್ನುತ್ತದೆ, ಏಕೆಂದರೆ ಹಳೆಯ ಮಾದರಿಯಲ್ಲೇ ಇರುವ ನೆರೆಹೊರೆಯವರಿಗೆ ತೊಂದರೆಯಾಗಬಾರದು. ಇಷ್ಟು ದಾಕ್ಷಿಣ್ಯ ನಮ್ಮ ಸಂಬಂಧಿಕರ ಮದುವೆ ಮನೆಗಳಲ್ಲೂ ಉಳಿದಿಲ್ಲ.

ನಮ್ಮ ಕಚೇರಿಗೆ ಬರುತ್ತೇನೆ. ನಿಜವಾದ ಮದ್ದು ಒಂದೇ ಸಾಲಿನದು: ಹಳೆಯ ‘ರಿಲೀಸ್’ ಬ್ರಾಂಚಿಗೆ ಬೇರೆ ಹೆಸರಿಡುವುದು. ಆದರೆ ಹೋದವರು ಇಟ್ಟ ಹೆಸರನ್ನು ಬದಲಿಸಲು ಇದ್ದವರಿಗೆ ಧೈರ್ಯ ಸಾಲದೆ, ಆರು ಜನರ ನಾಮಕರಣ ಸಮಿತಿ ರಚನೆಯಾಯಿತು. ಮೊದಲ ಸಭೆಯಲ್ಲಿ ಒಬ್ಬರು ಬಹುವಚನವನ್ನು ಸೂಚಿಸಿದರು, ‘ರಿಲೀಸಸ್/2.4’ ಸಲೀಸಾಗಿ ಹುಟ್ಟಿತು, ಚಪ್ಪಾಳೆಯೂ ಬಿತ್ತು. ಎರಡನೆಯ ವಾರದ ಹೊತ್ತಿಗೆ ಬ್ರಾಂಚುಗಳು ‘ರಿಲೀಸ್’, ‘ರಿಲೀಸಸ್’, ‘ರೆಲ್’ ಎಂದು ಮೂರು ಮನೆಗಳಾಗಿ ಒಡೆದವು. ಇನ್ನೊಬ್ಬ ಮೇಧಾವಿ ತಮ್ಮ ಲಿನಕ್ಸ್ ಯಂತ್ರದಲ್ಲಿ ಇಂಗ್ಲಿಷಿನ ಆರ್ ಅಕ್ಷರವನ್ನು ದೊಡ್ಡದು ಮಾಡಿ ಬರೆದು ಗೆದ್ದೆನೆಂದು ಬೀಗಿದರು. ದೊಡ್ಡಕ್ಷರ ಸಣ್ಣಕ್ಷರಗಳ ಭೇದವೆಣಿಸದ ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಅದನ್ನು ಇಳಿಸಿಕೊಳ್ಳಲು ಹೋದವರಿಗೆ ಮತ್ತೆ ಅದೇ ‘ಕೆನಾಟ್ ಲಾಕ್’. ಕನ್ನಡದಲ್ಲಿ ಬ್ರಾಂಚಿನ ಹೆಸರು ಬರೆದಿದ್ದರೆ ಈ ಒಂದು ಉಪದ್ರವವಾದರೂ ತಪ್ಪುತ್ತಿತ್ತು ಎಂದು ನಾನು ಸಭೆಯಲ್ಲಿ ಹೇಳಿದೆ. ಅದನ್ನು ತಮಾಷೆಯೆಂದು ನಡಾವಳಿಯಲ್ಲಿ ದಾಖಲಿಸಲಾಯಿತು.

ಭೂಮಿ ಯೋಜನೆಯ ಪಹಣಿಯಲ್ಲಿ ಹಿಸ್ಸೆಯಾಗದ ನಂಬರಿನ ಮುಂದೆ ನಕ್ಷತ್ರದ ಗುರುತು ಹಾಕುತ್ತಾರಲ್ಲ, ಹಾಗೆಯೇ ಹಳೆಯದನ್ನು ‘ರಿಲೀಸ್/ನಕ್ಷತ್ರ’ ಎಂದು ಕರೆಯೋಣವೆಂದೂ ಸೂಚಿಸಿ ನೋಡಿದೆ. ಬ್ರಾಂಚಿನ ಹೆಸರಿನಲ್ಲಿ ನಕ್ಷತ್ರ ಚಿಹ್ನೆ ನಿಷಿದ್ಧವಂತೆ. ಪ್ರಶ್ನಾರ್ಥಕ ಚಿಹ್ನೆಯೂ ನಿಷಿದ್ಧ. ಸಮಿತಿಯವರಿಗೆ ಈ ಎರಡನೆಯ ನಿಯಮ ಬಹಳ ಹಿಡಿಸಿತು.

ಕೊನೆಗೆ ಆ ಹುಡುಗಿಯೇ ಒಂದು ಬೆಳಗ್ಗೆ, ಎಲ್ಲರೂ ಕಾಫಿಗೆ ಹೋಗಿದ್ದಾಗ, ಸರ್ವರಿನಲ್ಲಿದ್ದ ‘ರಿಲೀಸ್’ ಬ್ರಾಂಚಿಗೆ ಬೇರೆ ಹೆಸರಿಟ್ಟು ‘ರಿಲೀಸ್/2.4’ ಅನ್ನು ಪ್ರತಿಷ್ಠಾಪಿಸಿದಳು. ಕಾಫಿ ಮುಗಿಸಿ ಬಂದು ಫೆಚ್ ಮಾಡಿದವರಿಗೆಲ್ಲ (ಸರ್ವರಿನ ಹೊಸ ಸುದ್ದಿಯನ್ನು ತಮ್ಮ ಯಂತ್ರಕ್ಕೆ ತರಿಸಿಕೊಳ್ಳುವುದೇ ಫೆಚ್) ಹಳೆಯ ಬೈಗುಳವೇ ಎದುರಾಯಿತು. ಸರ್ವರಿನಲ್ಲಿ ಅಳಿದುಹೋದ ಬ್ರಾಂಚಿನ ನೆನಪು ಪ್ರತಿಯೊಬ್ಬರ ಯಂತ್ರದಲ್ಲೂ ‘ಒರಿಜಿನ್/ರಿಲೀಸ್’ ಎಂದು ಉಳಿದಿರುತ್ತದೆ (ಒರಿಜಿನ್ ಎಂದರೆ ಆ ಸರ್ವರಿಗೆ ಗಿಟ್ ಇಟ್ಟ ಹೆಸರು). ಸತ್ತವರ ಹೆಸರನ್ನು ಪಡಿತರ ಚೀಟಿಯಿಂದ ತೆಗೆಸುವಂತೆ ಅದನ್ನು ‘ಪ್ರೂನ್’ ಎಂಬ ಆದೇಶ ಕೊಟ್ಟು ತೆಗೆಸಬೇಕು. ಅವಳು ಹನ್ನೊಂದು ಮೇಜುಗಳಿಗೂ ಹೋಗಿ ಅದನ್ನು ಹೇಳಿಕೊಟ್ಟಳು. ಪೂರ್ವಾನುಮತಿಯಿಲ್ಲದೆ ಸಮಸ್ಯೆ ಬಗೆಹರಿಸಿದ್ದಕ್ಕಾಗಿ ಅವಳಿಗೊಂದು ಸೌಮ್ಯವಾದ ಎಚ್ಚರಿಕೆಯ ಪತ್ರ ಹೋಯಿತು.

ಸಮಿತಿಯು ವಿಸರ್ಜನೆಯಾಗುವ ಮುನ್ನ, ಎಲ್ಲ ಬ್ರಾಂಚುಗಳೂ ಇನ್ನು ಮುಂದೆ ‘ಫೀಚರ್/’ ಎಂದೋ ‘ರಿಲೀಸ್/’ ಎಂದೋ ಆರಂಭವಾಗತಕ್ಕದ್ದೆಂಬ ನಾಮಕರಣ ನೀತಿಯನ್ನು ಸಿದ್ಧಪಡಿಸಿತು. ಅಧ್ಯಕ್ಷರು ಆ ಕರಡನ್ನು ಶುಕ್ರವಾರ ಸಂಜೆ ಸ್ವಹಸ್ತದಿಂದ ಸರ್ವರಿಗೆ ಸೇರಿಸಿ, ಯಾರೂ ಅಳಿಸದಂತೆ ಆ ಬ್ರಾಂಚಿಗೆ ಭದ್ರವಾದ ರಕ್ಷಣೆಯನ್ನೂ ಹಾಕಿ, ಮೂರು ವಾರಗಳ ರಜೆಯ ಮೇಲೆ ಊರಿಗೆ ಹೊರಟರು. ಬ್ರಾಂಚಿನ ಹೆಸರು ‘ಫೀಚರ್’.