ಸತ್ಯಾಂಶ: ಸಿಸೆರೊ ಗುಡುಗಿದ ದಿನ ಕ್ಯಾಟಿಲಿನ್ ಸೆರೆಯಾಗಲಿಲ್ಲ

ಬಿಳಿ ನಿಲುವಂಗಿಯ ರೋಮನ್ ಕಾನ್ಸುಲ್ (ಆಡಳಿತ ಮುಖ್ಯಸ್ಥರಲ್ಲೊಬ್ಬ) ಸಿಸೆರೊ, ಸರ್ಕಾರ ಉರುಳಿಸಲು ಸಂಚು ಹೂಡಿದ್ದ ಕ್ಯಾಟಿಲಿನ್‌ನನ್ನು ಖಂಡಿಸುತ್ತಿರುವ ಬಣ್ಣದ ವ್ಯಂಗ್ಯಚಿತ್ರವೊಂದು ಹೀಗೆ ಫಾರ್ವರ್ಡ್ ಆಗುತ್ತಿದೆ: "2,000 ವರ್ಷ ಹಳೆಯ ರೋಮನ್ ಚಿತ್ರ. ಸಂಚುಕೋರನನ್ನು ಸಭೆಯಲ್ಲೇ ಹಿಡಿದು ಕೊಂದರು." ಎರಡೂ ಮಾತು ತಪ್ಪು.

ಚಿತ್ರ ಬರೆದವರು ಲಂಡನ್ನಿನ ಜಾನ್ ಲೀಚ್, 1850ರ ದಶಕದ ಆರಂಭದಲ್ಲಿ, 'ದಿ ಕಾಮಿಕ್ ಹಿಸ್ಟರಿ ಆಫ್ ರೋಮ್' ಎಂಬ ಹಾಸ್ಯ ಇತಿಹಾಸಕ್ಕಾಗಿ. ನಗಿಸಲೆಂದೇ ಬರೆದದ್ದನ್ನು ಸಾಕ್ಷ್ಯವೆಂದು ಹಂಚುವುದು ಲೀಚ್‌ಗೂ ಅನ್ಯಾಯ, ಇತಿಹಾಸಕ್ಕೂ ಅನ್ಯಾಯ.

ನಡೆದದ್ದು ಕ್ರಿ.ಪೂ. 63ರ ನವೆಂಬರ್‌ನಲ್ಲಿ. ಸೆನೆಟ್ ಅಂದು ಸೇರಿದ್ದು ತನ್ನ ಮಾಮೂಲಿ ಸಭಾಭವನದಲ್ಲಲ್ಲ, ಜೂಪಿಟರ್ ಸ್ಟೇಟರ್ ದೇಗುಲದಲ್ಲಿ. ಕ್ಯಾಟಿಲಿನ್ ಬಂದು ಕೂತಾಗ ಅಕ್ಕಪಕ್ಕದವರು ಎದ್ದುಹೋದರೆಂದು ಸಿಸೆರೊ ಭಾಷಣದಲ್ಲೇ ಇದೆ. ಬಂಧನ ಮಾತ್ರ ಆಗಲಿಲ್ಲ. ಕೈಯಲ್ಲಿ ಲಿಖಿತ ಪುರಾವೆ ಇರಲಿಲ್ಲ. ಊರು ಬಿಟ್ಟು ಹೋಗು ಎಂದಷ್ಟೇ ಸಿಸೆರೊ ಒತ್ತಾಯಿಸಿದ. ಅಂದು ರಾತ್ರಿಯೇ ಕ್ಯಾಟಿಲಿನ್ ಹೊರಟು, ರೋಮ್‌ನ ಉತ್ತರಕ್ಕಿರುವ ಎಟ್ರೂರಿಯಾದಲ್ಲಿ ತನ್ನ ಸಂಗಡಿಗ ಮ್ಯಾನ್ಲಿಯಸ್ ಕಟ್ಟಿದ್ದ ಪಡೆಯನ್ನು ಸೇರಿಕೊಂಡ.

ಸಂಚು ಮುರಿದದ್ದು ಭಾಷಣದಿಂದಲ್ಲ, ಪತ್ರಗಳಿಂದ. ರೋಮ್‌ನಲ್ಲಿ ಉಳಿದ ಸಂಚುಕೋರರು ಗಾಲ್ ಪ್ರದೇಶದ ಅಲ್ಲೋಬ್ರೋಗೆಸ್ ಬುಡಕಟ್ಟಿನ ದೂತರ ನೆರವು ಕೇಳಿದರು. ದೂತರು ಸುದ್ದಿ ಮುಟ್ಟಿಸಿದ್ದು ಸಿಸೆರೊಗೆ! ಅವನ ಸೂಚನೆಯಂತೆ ಅವರು ಮುದ್ರೆ ಒತ್ತಿದ ಪತ್ರಗಳನ್ನು ಬರೆಸಿಕೊಂಡರು. ಡಿಸೆಂಬರ್ 2ರ ರಾತ್ರಿ ಮಿಲ್ವಿಯನ್ ಸೇತುವೆಯಲ್ಲಿ ಅವು ಸಿಕ್ಕಿಬಿದ್ದವು. ಮರುದಿನ ಲೆಂಟುಲಸ್ ಮುಂತಾದ ಸಂಚುಕೋರರು ಸೆನೆಟ್ ಎದುರು ತಮ್ಮ ಮುದ್ರೆಯನ್ನು ಅಲ್ಲಗಳೆಯಲಾಗಲಿಲ್ಲ.

ಡಿಸೆಂಬರ್ 5ರಂದು ಸೆರೆಮನೆಯಲ್ಲಿ ಐವರು ಸಂಚುಕೋರರ ಕತ್ತು ಬಿಗಿದು ಕೊಂದರು, ವಿಚಾರಣೆಯಿಲ್ಲದೆ. ಅದೇ ಕಾರಣಕ್ಕೆ ಸಿಸೆರೊ ಕ್ರಿ.ಪೂ. 58ರಲ್ಲಿ ದೇಶಭ್ರಷ್ಟನಾದ. ಕ್ಯಾಟಿಲಿನ್ ಆ ಐವರಲ್ಲಿ ಇರಲಿಲ್ಲ, ಕ್ರಿ.ಪೂ. 62ರ ಆರಂಭದಲ್ಲಿ ಪಿಸ್ಟೋರಿಯಾ ಬಳಿ ಯುದ್ಧದಲ್ಲಿ ಕಾದಾಡುತ್ತ ಸತ್ತ.