ಎಲ್ಲರ ಬೋರ್ಡೂ ತೂತೇ

ಬಾವಿಯ ಪಂಪನ್ನು ತಾನಾಗಿ ಚಾಲು ಮಾಡಿ ತಾನಾಗಿ ನಿಲ್ಲಿಸುವ ಸರ್ಕೀಟು ಮಾಡಲು ಹೊರಡದ ಎಂಜಿನಿಯರಿಂಗ್ ವಿದ್ಯಾರ್ಥಿ ಮಂಗಳೂರು-ಉಡುಪಿ ಕಡೆ ಅಪರೂಪ. ಟ್ಯಾಂಕಿ ತುಂಬಿ ಹರಿದು ಅಂಗಳ ಗದ್ದೆಯಾಗುವುದನ್ನು ನೋಡಿ ಬೆಳೆದವರು ಬೇರೆಂತ ಮಾಡಿಯಾರು? ಕಂಪ್ಯೂಟರಿನಲ್ಲಿ ಎಲ್ಲವೂ ಸಲೀಸು. ಸರ್ಕೀಟು ಬೋರ್ಡಿನ (ಪಿಸಿಬಿ) ತಾಮ್ರದ ಗೆರೆಗಳ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಆದ ಕೀಕ್ಯಾಡ್‌ನಲ್ಲಿ ಗೆರೆ ಎಳೆಯುವಾಗ ಇನ್ನೊಂದು ಗೆರೆ ಅಡ್ಡ ಬಂತೋ, ‘ವಿ’ ಕೀ ಒತ್ತಿದರಾಯಿತು. ವಯಾ, ಅಂದರೆ ಬೋರ್ಡಿನ ಮೇಲಿನ ತಾಮ್ರವನ್ನು ಕೆಳಗಿನದಕ್ಕೆ ಜೋಡಿಸುವ ತೂತು, ಬೀಳುತ್ತದೆ, ಗೆರೆ ಕೆಳಪದರಕ್ಕೆ ಇಳಿಯುತ್ತದೆ. ಒತ್ತುವುದಕ್ಕೆ ಖರ್ಚಿಲ್ಲ. ಮುಗಿಯುವಷ್ಟರಲ್ಲಿ ಬೋರ್ಡು ನೀರುದೋಸೆ.

ಕಾರ್ಖಾನೆಗೆ ಕಳಿಸುವವರು ಬಚಾವ್. 0.3 ಮಿ.ಮೀ. ತೂತು, ಸುತ್ತ 0.6 ಮಿ.ಮೀ. ತಾಮ್ರದ ಬಿಲ್ಲೆ ಕೊಟ್ಟರೆ ತೂತಿನ ಒಳಗೋಡೆಗೆ ಸುಮಾರು 20-25 ಮೈಕ್ರಾನ್ ತಾಮ್ರ ಹತ್ತಿಸಿ ಕಳಿಸುತ್ತಾರೆ. ನಾಡಿದ್ದು ವೈವಾ (ಮೌಖಿಕ ಪರೀಕ್ಷೆ) ಇರುವವರು ಮಾತ್ರ ಮನೆಯಲ್ಲೇ, ಬೇಡದ ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡಿಗೆ ಇಳಿಯುತ್ತಾರೆ. ಅಲ್ಲಿ ತೂತು ಅಂದರೆ ಬರೀ ತೂತು ಮಾರಾಯ್ರೆ, ಮೇಲಿನ ತಾಮ್ರಕ್ಕೂ ಕೆಳಗಿನದಕ್ಕೂ ಮಾತುಕತೆ ಇಲ್ಲ.

ಮಾತುಕತೆ ಮಾಡಿಸಲು ತಂತಿ ಬೇಕು. ತೂತು 0.8 ಮಿ.ಮೀ., ಬಿಲ್ಲೆ 2 ಮಿ.ಮೀ. ಇಟ್ಟು, ಕತ್ತರಿಸಿ ಬಿಸಾಡಿದ ರೆಸಿಸ್ಟರ್ ಕಾಲನ್ನು ತೂರಿಸಿ ಎರಡೂ ಕಡೆ ಬೆಸುಗೆ ಹಾಕಬೇಕು. ಆದರೆ ಒಂದು ಕಡೆ ಹಾಕಿ ಮಗುಚಿ ಇನ್ನೊಂದು ಕಡೆ ಕಾಯಿಸಿದರೆ ಮೊದಲಿನದು ಕರಗಿ ತಂತಿ ಮೇಜಿನಡಿಗೆ ಹಾರುತ್ತದೆ. ಅದಕ್ಕೇ ಬಿಡಿಬಿಡಿಯಾಗಿ ತೂರಿಸಬಾರದು. ಒಂದೇ ಉದ್ದ ತಂತಿಯನ್ನು ಹತ್ತಿರದ ನಾಲ್ಕೈದು ತೂತುಗಳಲ್ಲಿ ಮೇಲೆ-ಕೆಳಗೆ ಹೊಲಿದು, ಎಲ್ಲಾ ಬೆಸುಗೆ ಮುಗಿದ ಮೇಲೆ ನಡುವಿನ ತುಂಡುಗಳನ್ನು ಕತ್ತರಿಸಿ ತೆಗೆಯಬೇಕು.

ಐಸಿಯ (ಚಿಪ್ಪಿನ) ಅಡಿಯಲ್ಲಿ ವಯಾ ಇಟ್ಟವರದು ಬೇರೆಯೇ ಪಾಡು. ಬೆಸುಗೆಯ ಗುಡ್ಡೆ ಐಸಿಯನ್ನು ಎತ್ತಿ ಹಿಡಿದು ಕೂರಲು ಬಿಡುವುದಿಲ್ಲ. ಐಸಿ ಕೂರಿಸುವ ಸಾಕೆಟ್ ಇನ್ನೂ ಕಷ್ಟ: ಪ್ಲಾಸ್ಟಿಕ್ ಮೈ ಮೇಲಿನ ಬಿಲ್ಲೆಗಳನ್ನೆಲ್ಲ ಮುಚ್ಚಿಬಿಡುತ್ತದೆ, ಸೋಲ್ಡರಿಂಗ್ ಕಡ್ಡಿಗೆ ದಾರಿಯೇ ಇಲ್ಲ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನ ಡಬ್ಬಿಯೂ ಅದೇ ಜಾತಿ. ಆದ್ದರಿಂದ ಮೇಲ್ಪದರದ ಗೆರೆ ರೆಸಿಸ್ಟರ್ ಕಾಲಿಗೆ ಬಂದು ಸೇರುವ ಹಾಗೆ ನೋಡಿಕೊಳ್ಳಿ. ಎರಡೂ ಕಡೆ ಬೆಸುಗೆ ಹಾಕಲು ಬರುವುದರಿಂದ ಆ ಕಾಲೇ ಪುಕ್ಕಟೆ ವಯಾ.

ಒಂದು ವಯಾ ಅರೆಬರೆ ಹಿಡಿದಿದ್ದರೂ ಬೆರಳಿಟ್ಟು ಒತ್ತಿದಾಗ ಪಂಪು ಓಡುತ್ತದೆ, ಬಿಟ್ಟಾಗ ನಿಲ್ಲುತ್ತದೆ. ಅಂಥ ಪ್ರಾಜೆಕ್ಟಿನಲ್ಲಿ ನಾಲ್ವರ ಪೈಕಿ ಒಬ್ಬ ವೈವಾ ಮುಗಿಯುವವರೆಗೂ ಬೋರ್ಡಿನ ಮೇಲೆ ಬೆರಳಿಟ್ಟು ನಿಂತೇ ಇರುತ್ತಾನೆ. “ಇವರ ಕೆಲಸ ಎಂತ?” ಎಂದು ಸರ್ ಕೇಳಿದರೆ, “ಟೆಸ್ಟಿಂಗ್ ಸರ್.” ಬಿಡಿಭಾಗ ಕೂರಿಸುವ ಮೊದಲೇ ಮಲ್ಟಿಮೀಟರನ್ನು ಬೀಪ್‌ಗೆ ಇಟ್ಟು ಪ್ರತಿ ವಯಾ ಮುಟ್ಟಿ ನೋಡಿದರೆ ಆ ಹುದ್ದೆ ಉಳಿಯುವುದಿಲ್ಲ.

ಮನೆಯಲ್ಲಿ ಮಾಡುವಾಗ, ತಾಮ್ರದ ಮೇಲೆ ಇಸ್ತ್ರಿ ಹಾಕಿ ಗೆರೆ ಅಚ್ಚೊತ್ತುವ ಟೋನರ್ ಹಾಳೆಯಲ್ಲಿ ಮೇಲ್ಪದರವನ್ನು ಕನ್ನಡಿಬಿಂಬವಾಗಿ ಪ್ರಿಂಟ್ ಮಾಡಬೇಕು, ಕೆಳಪದರವನ್ನು ಇದ್ದ ಹಾಗೆ. ಎರಡನ್ನೂ ಕನ್ನಡಿ ಮಾಡಿದವರು ಕೊನೆಗೆ ಐಸಿಯನ್ನು ಅಂಗಾತ ಮಲಗಿಸಿ ಕಾಲು ತಿರುಚುತ್ತಾರೆ.

ಕಾರ್ಖಾನೆಯ ಬೋರ್ಡಿನಲ್ಲೂ ಎರಡು ಯಡವಟ್ಟು ಉಂಟು. ಸಣ್ಣ ಬಿಡಿಭಾಗ ಬೆಸೆಯುವ ಪ್ಯಾಡಿನೊಳಗೇ ವಯಾ ಇಟ್ಟರೆ ಕರಗಿದ ಬೆಸುಗೆ ತೂತಿನಲ್ಲಿ ಇಳಿದುಹೋಗುತ್ತದೆ, ಅರ್ಧ ಮಿ.ಮೀ. ಸರಿಸಿ, ನಡುವೆ ಬೆಸುಗೆ ಹತ್ತದ ಹಸಿರು ಲೇಪ ಇರಲಿ. ಇನ್ನೊಂದು, ಕರೆಂಟಿನ ಲೆಕ್ಕ. 0.3 ಮಿ.ಮೀ. ವಯಾ ಒಂದಕ್ಕೆ ಒಂದು ಆಂಪಿಯರ್ ಅಂದಾಜು ಇಟ್ಟುಕೊಳ್ಳಿ. ಪಂಪಿಗೆ ಸ್ವಿಚ್ಚಿನ ಕೆಲಸ ಮಾಡುವ ರಿಲೇಯ ಕಾಯಿಲಿಗೆ ಅದು ಧಾರಾಳ. ಅರ್ಧ ಎಚ್‌ಪಿ ಪಂಪು ಓಡುವಾಗಲೇ ಮೂರ್ನಾಲ್ಕು ಆಂಪಿಯರ್ ಎಳೆಯುತ್ತದೆ, ಚಾಲು ಆಗುವ ಕ್ಷಣದಲ್ಲಿ ಅದರ ಹಲವು ಪಟ್ಟು. ಆ 230 ವೋಲ್ಟನ್ನು ವಯಾದಲ್ಲಿ ಹಾಯಿಸುವ ಉಸಾಬರಿಯೇ ಬೇಡ, ದಪ್ಪ ವೈರಿನಲ್ಲಿ ನೇರ ರಿಲೇಗೆ ಕೊಡಿ.

ಕೊನೆಗೆ ನಮ್ಮ ಮಳೆಗಾಲ. ಉಪ್ಪುಗಾಳಿಗೆ ಬರಿ ತಾಮ್ರ ಹಸಿರು ತಿರುಗುತ್ತದೆ, ಬೆಸುಗೆಯಲ್ಲಿ ಉಳಿದ, ತೊಳೆಯದ ಫ್ಲಕ್ಸ್ ಅಂಟು ತೇವ ಹೀರಿ ಕರೆಂಟು ಸೋರಿಸುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಬ್ರಷ್ ಹಾಕಿ ತೊಳೆದು, ಹೇರ್ ಡ್ರೈಯರಿನಲ್ಲಿ ಒಣಗಿಸಿ, ಆಮೇಲೆ ಲ್ಯಾಕರ್ ಹೊಡೆಯಿರಿ. ಲ್ಯಾಕರ್ ಮೇಲೆ ಮುಟ್ಟಿ “ವಯಾ ಎಲ್ಲಾ ಹೋಯ್ತು” ಎಂದು ತಲೆಗೆ ಕೈಹೊತ್ತು ಕೂರಬೇಡಿ. ಪ್ರೋಬಿನ ತುದಿಯಲ್ಲಿ ಒಮ್ಮೆ ಕೆರೆದರೆ ಮೀಟರು ಕೂಗುತ್ತದೆ.